ತಪ್ಪು ಕೇಳಲು ಹೊರಟ ಭಾವ

ಜನ ಹಾಡು ಕೇಳಲು ಹೋಗುತ್ತಾರೆ. ನನ್ನ ಭಾವ ತಪ್ಪು ಕೇಳಲು ಹೋಗುತ್ತಾರೆ!

ನಂಬದಿದ್ದರೆ ಬಿಡಿ. ಆದರೆ ಪ್ರತಿ ಶನಿವಾರ ಹೊಟ್ಟೆ ತುಂಬ ಉಂಡು, ಕ್ಯಾಲಿಫೋರ್ನಿಯಾದ ಗಿಲ್‌ರಾಯ್‌ನಿಂದ ಲಾಸ್ ಗ್ಯಾಟೋಸಿನವರೆಗೆ ಫ್ರೀವೇಯಲ್ಲಿ ಕಾರು ಓಡಿಸಿ, ಯಾರಾದರೂ ಬ್ಯಾಂಜೊ ನುಡಿಸುತ್ತ ಎಡವುತ್ತಾರೆಯೇ ಎಂದು ಕಿವಿ ನಿಮಿರಿಸಿಕೊಂಡು ಕೂರುವ ಇನ್ನೊಬ್ಬ ಕನ್ನಡಿಗನನ್ನು ನೀವು ನನಗೆ ತೋರಿಸಿದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ತೋರಿಸಲಾರಿರಿ. ಆದ್ದರಿಂದ ಮುಂದುವರಿಸುತ್ತೇನೆ.

ಯಾರೂ ಎಡವದ ದಿನ ಭಾವನ ಮುಖ ನೋಡಬೇಕಿತ್ತು! "ಇವತ್ತು ಎಂತದ್ದೂ ಇರ್ಲಿಲ್ಲ ಮಾರಾಯ್ತಿ. ಎಲ್ಲರೂ ಸರಿಯೇ ಬಾರಿಸಿದ್ರು," ಎಂದು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು, ಜೇಬು ಕತ್ತರಿಸಿಕೊಂಡು ಬಂದವರ ಹಾಗೆ.

ಇದು ಡಾಟ್ ಕಾಮ್ ಕಾಲದ ಮಾತು. ಕಂಪನಿಯ ಹೆಸರಿನ ಬಾಲಕ್ಕೆ ಡಾಟ್ ಕಾಮ್ ಅಂಟಿಸಿದರೆ ಸಾಕು, ಆಫೀಸಿಗೆ ಪಿಂಗ್‌ಪಾಂಗ್ ಟೇಬಲ್ಲು ಬರುತ್ತಿತ್ತು. ಭಾವ ಇದ್ದದ್ದು ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುವ ಒಂದು ಕಂಪನಿಯಲ್ಲಿ. ನಾನು ಆಗಷ್ಟೇ ಕೆಲಸ ಹಿಡಿದು ಬಂದಿಳಿದವಳು, ಅಕ್ಕನ ಮನೆಯ ಹಿಂದಿನ ಕೋಣೆ ನನ್ನದು. ಅಪಾರ್ಟ್‌ಮೆಂಟು ಹುಡುಕಿಕೊಳ್ಳುವವರೆಗೆ ಎಂದು ಬಂದವಳು ಎರಡು ವರ್ಷ ಕಳೆದರೂ ಹುಡುಕುತ್ತಲೇ ಇದ್ದೆ. ಗಿಲ್‌ರಾಯ್ ಎಂದರೆ ಬೆಳ್ಳುಳ್ಳಿಯ ಊರು. ಬೇಸಗೆಯಲ್ಲಿ ಗಾಳಿ ಬೀಸಿದರೆ ಇಡೀ ಊರಿಗೆ ಯಾರೋ ಒಗ್ಗರಣೆ ಹಾಕಿದ ಹಾಗೆ ಘಮ್ಮೆನ್ನುತ್ತಿತ್ತು. ಮನೆಗಳು ಅಗ್ಗ, ಆಫೀಸು ದೂರ. "ದೂರ ಆದ್ರೆ ಎಂತ? ಕಾರಲ್ಲಿ ಕ್ಯಾಸೆಟ್ ಕೇಳ್ಲಿಕ್ಕೆ ಟೈಮ್ ಸಿಕ್ತದೆ," ಎನ್ನುತ್ತಿದ್ದರು ಭಾವ. ನಾವು ಅಕ್ಕತಂಗಿಯರು ಮಂಡ್ಯದ ಕಡೆಯವರು. ಭಾವ ಉಡುಪಿಯ ಹತ್ತಿರದ ಹಳ್ಳಿಯವರು. ಒಂದೇ ಕಾಲೇಜಿನಲ್ಲಿ ಓದುವಾಗ ಇವರ ಮಾತಿಗೆ ಬಿದ್ದೆ ಎಂದು ಅಕ್ಕ ಈಗಲೂ ಹಣೆ ಚಚ್ಚಿಕೊಳ್ಳುತ್ತಾಳೆ.

ಕ್ಯಾಸೆಟ್ ಎಂದೆನಲ್ಲ, ಅದನ್ನಿಷ್ಟು ಹೇಳಬೇಕು. ಶನಿವಾರದ ಬ್ಲೂಗ್ರಾಸ್ ಕೂಟಕ್ಕೆ ಹೋಗುವಾಗ ಭಾವ ಇಟ್ಟಿಗೆಯಂಥ ಟೇಪ್ ರೆಕಾರ್ಡರೊಂದನ್ನು ತಪ್ಪದೆ ಒಯ್ಯುತ್ತಿದ್ದರು. ಬೆಟ್ಟಗುಡ್ಡದ ಜನ ಜಗುಲಿಯಲ್ಲಿ ಕೂತು ಬ್ಯಾಂಜೊ, ಗಿಟಾರು, ಪಿಟೀಲು, ಮ್ಯಾಂಡೊಲಿನ್ ನುಡಿಸುತ್ತ ಹಾಡುವ ಅಮೆರಿಕದ ಸಂಗೀತ ಈ ಬ್ಲೂಗ್ರಾಸ್. ಮನೆಯಲ್ಲಿ ಆ ಕ್ಯಾಸೆಟ್ಟುಗಳಿಗೇ ಒಂದು ಕಪಾಟು. ಒಂದೊಂದರ ಮೇಲೂ ಭಾವನ ಗುಂಡು ಅಕ್ಷರ: "ಮೂರನೇ ಹಾಡು, ಬ್ಯಾಂಜೊ ದಾರಿ ತಪ್ಪಿ ಬೇರೆ ಊರಿಗೆ ಹೋಗಿ ವಾಪಸ್ ಬಂದದ್ದು." "ಎರಡನೇ ಹಾಡು, ಸಾಹಿತ್ಯ ಮರೆತು ಮೊದಲಿನ ಚರಣವನ್ನೇ ಮೂರು ಸಲ ಹಾಡಿದ್ದು, ಬಹಳ ಒಳ್ಳೆಯದು."

ಮನೆಗೆ ಊಟಕ್ಕೆ ಬಂದವರಿಗೂ ಇದೇ ಗತಿ. ಒಮ್ಮೆ ಹಾಸನದ ಹೊಸ ದಂಪತಿ ಬಂದಿದ್ದರು. ಹೋಳಿಗೆ ಬಡಿಸಿ ಭಾವ ಕ್ಯಾಸೆಟ್ ಹಾಕಿದರು. ಪಾಪ, ಆ ಹುಡುಗ ಮರ್ಯಾದೆಗೆ "ತುಂಬಾ ಚೆನ್ನಾಗಿದೆ ಸಾರ್" ಎಂದ.

"ಚೆನ್ನಾಗಿ ಉಂಟಾ? ಎಲ್ಲಿ?" ಭಾವ ಕುರ್ಚಿಯ ತುದಿಗೆ ಬಂದರು. "ಆ ಪಿಟೀಲಿನವ ಒಂದು ಸುತ್ತು ಮೊದಲೇ ನುಗ್ಗಿದ್ದು ಕೇಳ್ಲಿಲ್ವಾ ನಿಮಗೆ? ಕೇಳಿ, ಕೇಳಿ."

ಟೇಪು ಹಿಂದಕ್ಕೆ ಓಡಿತು. ಮತ್ತೆ ಕೇಳಿಸಿದರು. ಮೂರನೆಯ ಸಲಕ್ಕೆ ಆ ಹುಡುಗ ಹೋಳಿಗೆ ತಟ್ಟೆಗಿಟ್ಟು, "ಸಾರಿ ಸಾರ್, ಇನ್ಮೇಲೆ ಹಾಗಾಗಲ್ಲ," ಎಂದುಬಿಟ್ಟ!

ನನಗೆ ಮೊದಲಿನಿಂದಲೂ ಅನ್ಯರ ವಿಷಯದಲ್ಲಿ ಕುತೂಹಲ ಹೆಚ್ಚು. ಅಕ್ಕ ಇದನ್ನು ಬೇರೆ ಹೆಸರಿನಿಂದ ಕರೆಯುತ್ತಾಳೆ, ಇರಲಿ. ಈ ಮನುಷ್ಯ ತಪ್ಪನ್ನು ಹುಡುಕಿಕೊಂಡು ಯಾಕೆ ಅಲೆಯುತ್ತಾನೆ? ಆಡಿಕೊಳ್ಳುವುದಕ್ಕೆ ಅಲ್ಲ. ತಪ್ಪಿದವರನ್ನು ಅವರು ಒಂದು ದಿನವೂ ಹಂಗಿಸಿದ್ದಿಲ್ಲ, ಹೊಗಳುತ್ತಿದ್ದರು. ಹಾಗಾದರೆ ಮತ್ತೇನು? ಒಂದು ಶನಿವಾರ ನಾನೂ ಕಾರು ಹತ್ತಿದೆ. ನನಗಿನ್ನೂ ಲೈಸೆನ್ಸು ಆಗಿರಲಿಲ್ಲ, ಗ್ರೋಸರಿ ತರುವುದಿತ್ತು ಎನ್ನುವುದು ನೆಪ.

ಲಾಸ್ ಗ್ಯಾಟೋಸಿನ ಗುಡ್ಡದ ಬುಡದಲ್ಲಿ ತಂತಿವಾದ್ಯ ರಿಪೇರಿಯ ಅಂಗಡಿ, ಅದರ ಹಿಂದೊಂದು ಕೋಣೆ. ಭಾವ ಅಲ್ಲಿಗೆ ಮೊದಲು ಹೋದದ್ದು ಊರಿಂದ ಹೊತ್ತು ತಂದ ಮದ್ದಳೆಯನ್ನು ರಿಪೇರಿ ಮಾಡಿಸಲು. ಇಲ್ಲಿಯ ಒಣಹವೆಗೆ ಅದರ ಚರ್ಮ ಬಿರಿದಿತ್ತು. ಅಂಗಡಿಯವನಿಂದ ಅದು ಆಗಲಿಲ್ಲ. ಆದರೆ ಹಿಂದಿನ ಕೋಣೆಯಿಂದ ಹಾಡು ಕೇಳಿಸಿ, ಭಾವ ಬಿರಿದ ಮದ್ದಳೆಯನ್ನು ಕಂಕುಳಲ್ಲಿಟ್ಟುಕೊಂಡೇ ಬಾಗಿಲಲ್ಲಿ ನಿಂತರಂತೆ. ಗುಂಪಿನ ಯಜಮಾನ, ವಾರವಿಡೀ ಪೈಪು ರಿಪೇರಿ ಮಾಡುವ ಪ್ಲಂಬರ್, ಪೊದೆಮೀಸೆಯ ಮನುಷ್ಯ, ಒಳಗೆ ಬಾ ಎಂದು ಕರೆದವನು ಮದ್ದಳೆ ನೋಡಿ ಗಾಬರಿಯಾದನಂತೆ. ಈ ಸಂಗೀತದಲ್ಲಿ ಡ್ರಮ್ಮು ನಿಷಿದ್ಧ! ಕರೆಂಟಿನ ವಾದ್ಯ ನಿಷಿದ್ಧ, ಎದುರಿಗೆ ಹಾಳೆ ಇಟ್ಟುಕೊಳ್ಳುವುದೂ ನಿಷಿದ್ಧ. ಭಾವ ಮುಂದಿನ ವಾರ ಹಳೆಯದೊಂದು ಮ್ಯಾಂಡೊಲಿನ್ ಕೊಂಡುಕೊಂಡು ಹೋದರು. ತಂತಿಗಳನ್ನು ಒತ್ತಿ ಹಿಡಿದು ಚಕ್, ಚಕ್ ಎಂದು ತಾಳ ಕೊಡುವ ವಿದ್ಯೆಯನ್ನು ಹದಿನೈದು ದಿನದಲ್ಲಿ ಕಲಿತರು. ಮ್ಯಾಂಡೊಲಿನ್ನಿನಲ್ಲಿ ಅವರು ನುಡಿಸಿದ್ದು ಮದ್ದಳೆಯನ್ನೇ ಎಂದು ಆ ಗುಂಪಿಗೆ ಇವತ್ತಿಗೂ ಗೊತ್ತಿಲ್ಲ.

ಏಳೆಂಟು ಜನ ವೃತ್ತವಾಗಿ ನಿಂತಿದ್ದರು. ಭಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಇದು ನಮ್ಮ ತಾಳಮದ್ದಳೆಯೇ, ನೋಡು. ಆ ಮೀಸೆಯವರು ಭಾಗವತರು. ಅವರು ಪದ ಹೇಳ್ತಾರೆ. ಆಮೇಲೆ ಯಾರ ಕಡೆ ನೋಡಿ ಗೋಣು ಹಾಕ್ತಾರೋ ಅವನ ಸರದಿ. ಅವ ಆ ಪದಕ್ಕೆ ತನ್ನ ಅರ್ಥ ಹೇಳ್ಬೇಕು, ಕೈಯಿಂದ. ಬರೆದಿಟ್ಟದ್ದು ಎಂತದ್ದೂ ಇಲ್ಲ, ಅಲ್ಲೇ ಹುಟ್ಟಬೇಕು."

ಮಂಡ್ಯದವಳಾದ ನನಗೆ ತಾಳಮದ್ದಳೆ ಗೊತ್ತಿದ್ದದ್ದು ಅಕ್ಕನ ಮದುವೆಯಾದ ಮೇಲೆ. ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ. ಆಮೇಲೆ ಶಾಲು ಹೊದ್ದು ಕೂತ ಅರ್ಥಧಾರಿ ತಾನೇ ಆ ಪಾತ್ರವಾಗಿ ಪದ್ಯದ ಅರ್ಥ ಹೇಳುತ್ತಾನೆ. ಎದುರಿಗೆ ಕೂತವನು ಅದಕ್ಕೆ ಅಲ್ಲೇ ಉತ್ತರ ಕೊಡಬೇಕು. ಗಂಟೆಗಟ್ಟಲೆ ವಾದ, ಎಲ್ಲವೂ ಆಶು.

"ಹಾಡು ಮುಗಿಸೋದು ಹೇಗೆ ಗೊತ್ತಾಗುತ್ತೆ?" ಎಂದೆ.

"ಭಾಗವತರು ಕಾಲೆತ್ತುತ್ತಾರೆ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಪ್ಲಂಬರ್ ಹಾಡುತ್ತ ಹಾಡುತ್ತಲೇ ಒಂದು ಬೂಟುಗಾಲನ್ನು ಮುಂದಕ್ಕೆ ಚಾಚಿ ಎತ್ತಿ ಹಿಡಿದ. ಆ ಸುತ್ತು ಮುಗಿಯುತ್ತಲೇ ಎಂಟೂ ವಾದ್ಯಗಳು ಟಕ್ಕೆಂದು ನಿಂತವು! ನಮ್ಮಲ್ಲಿ ಯಾರಾದರೂ ಹಾಗೆ ಸಭೆಯಲ್ಲಿ ಕಾಲು ತೋರಿಸಿದ್ದರೆ ಹಾಡಲ್ಲ, ಸಂಬಂಧವೇ ನಿಲ್ಲುತ್ತಿತ್ತು.

ಕಾಲೆಂದಾಗ ನೆನಪಾಯಿತು. ಅವತ್ತೇ ಎರಡನೆಯ ಹಾಡಿನಲ್ಲಿ ಭಾವನ ಕಾಲು ಪಕ್ಕದಲ್ಲಿದ್ದ ಬ್ಯಾಂಜೊ ಹೆಂಗಸಿಗೆ ತಾಗಿತು. ಆಕೆ ಊರಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಸಣಕಲು, ಉದ್ದ ಜಡೆ. ನಾವಾದರೆ ಏನು ಮಾಡುತ್ತೇವೆ? ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಭಾವನ ಕೈ ಯೋಚನೆಗೆ ಬಿಡುವು ಕೊಡದೆ ಅದನ್ನೇ ಮಾಡಿತು. ಚಕ್ ಚಕ್ ನಿಂತಿತು. ಅವರ ಕೈಯಿಂದ ತಂತಿ ಮೀಟುವ ಚಿಪ್ಪು ಬಿದ್ದಿರಬೇಕೆಂದುಕೊಂಡು ಆಕೆಯೂ ಬಗ್ಗಿದಳು, ಪಿಟೀಲಿನವನೂ ಬಗ್ಗಿದ. ನುಡಿಸುವುದನ್ನು ಬಿಡದೆ ಇಡೀ ವೃತ್ತವೇ ನೆಲ ನೋಡುತ್ತ ಚಿಪ್ಪು ಹುಡುಕಿತು! ಸಿಗಲಿಲ್ಲ. ಅದು ಭಾವನ ಬೆರಳ ಸಂದಿಯಲ್ಲೇ ಇತ್ತು. ಹಾಡು ಮಾತ್ರ ನಿಲ್ಲಲಿಲ್ಲ, ಓರೆಕೋರೆಯಾಗಿ ನಡೆದು ಹೇಗೋ ದಾರಿಗೆ ಬಂತು. ಎಲ್ಲರೂ ನಕ್ಕರು. ಭಾವನಿಗೆ ಆಶ್ಚರ್ಯವೋ ಆಶ್ಚರ್ಯ. "ನೋಡಿದ್ಯಾ? ನಾನೇ ತಪ್ಪಿದ್ದು. ಒಬ್ಬನಿಗೂ ಸಿಟ್ಟಿಲ್ಲ! ಹೇಗೆ ಮಾರಾಯ್ತಿ ಇದು?" ಎಂದು ದಾರಿಯುದ್ದಕ್ಕೂ ಕೇಳಿದರು.

ನನ್ನ ಕುತೂಹಲ ಇದ್ದದ್ದು ಬೇರೆಡೆ. ಭಾವನ ಸರದಿ ಬಂದಾಗಲೆಲ್ಲ ಪ್ಲಂಬರ್ ಅವರ ಕಡೆ ನೋಡಿ ಗೋಣು ಹಾಕುತ್ತಿದ್ದ. ಭಾವ ತಲೆ ಅಡ್ಡಡ್ಡ ಆಡಿಸಿ "ಪಾಸ್" ಎನ್ನುತ್ತಿದ್ದರು. ಸರದಿ ಪಕ್ಕದವರಿಗೆ ಹೋಗುತ್ತಿತ್ತು. ಒಂದಲ್ಲ, ಎರಡಲ್ಲ. ಒಂದೂವರೆ ವರ್ಷದಿಂದ, ಪ್ರತಿ ಶನಿವಾರ, ಪ್ರತಿ ಹಾಡಿಗೂ ಪಾಸ್! ಪ್ಲಂಬರನೂ ಹಟವಾದಿ. ಒಂದು ಹಾಡಿಗಾದರೂ ಕೇಳದೆ ಬಿಟ್ಟವನಲ್ಲ.

ನುಡಿಸಲು ಬಾರದೆ? ಹಾಗಲ್ಲ. ಗ್ಯಾರೇಜಿನಲ್ಲಿ ಒಬ್ಬರೇ ಕೂತಾಗ ಆ ರಾಗಗಳನ್ನು ಎಷ್ಟು ಚೆಂದ ಹಿಗ್ಗಿಸಿ ನುಡಿಸುತ್ತಿದ್ದರು ಎಂದರೆ, ಬಟ್ಟೆ ಒಗೆಯಲು ಹೋದ ನಾನು ಮೆಷಿನ್ನಿಗೆ ಸೋಪು ಹಾಕುವುದನ್ನೇ ಮರೆತಿದ್ದೇನೆ. ಹಾಗಾದರೆ ಆಶುವಿಗೆ ಹೆದರುವ ಸ್ವಭಾವವೇ? ಅಯ್ಯೋ! ಸಾರಿಗೆ ಉಪ್ಪು ಕಡಿಮೆಯಾದರೆ ಅಕ್ಕನ ಪರವಾಗಿ ಅರ್ಧ ಗಂಟೆ, ಉಪ್ಪಿನ ಪರವಾಗಿ ಅರ್ಧ ಗಂಟೆ ವಾದ ಮಾಡಬಲ್ಲವರು. ಅವರ ಕಂಪನಿಗೆ ಹಣ ಹಾಕುವವರು ಬಂದ ದಿನ ಏನಾಯಿತು ಗೊತ್ತೆ? ಕಂಪ್ಯೂಟರ್ ಕೈಕೊಟ್ಟು ಪರದೆಯ ಮೇಲೆ ಒಂದು ಪರದೆಯೂ ಮೂಡಲಿಲ್ಲ. ಬಾಸು ಬೆವರತೊಡಗಿದ. ಭಾವ ಎದ್ದು ನಿಂತು, ಕಿಟಕಿಗೆ ಪರದೆ ಯಾಕೆ ಬೇಕು ಎಂಬುದರ ಮೇಲೆ ನಲವತ್ತು ನಿಮಿಷ ಮಾತಾಡಿದರು. ಮನೆಯೊಳಗಿನವರ ಮಾನ, ಹೊರಗಿನವರ ಕಣ್ಣು, ನಡುವೆ ತೆಳ್ಳನೆಯ ಬಟ್ಟೆ! ಬಂದವರಲ್ಲಿ ಒಬ್ಬರು ಹಣ ಹಾಕಿದ್ದಷ್ಟೇ ಅಲ್ಲ, ತಮ್ಮ ಮನೆಗೆ ಹನ್ನೆರಡು ಪರದೆಯನ್ನೂ ಆರ್ಡರ್ ಮಾಡಿ ಹೋದರು.

ಅಂಥವರಿಗೆ ಒಂದು ಸರದಿ, ಅಂದರೆ ಹದಿನಾರು ತಾಳದಷ್ಟು ಹೊತ್ತು ಮ್ಯಾಂಡೊಲಿನ್ ನುಡಿಸಲು ಏನು ದಾಡಿ? ಒಂದು ದಿನ ಕಾರಿನಲ್ಲಿ ಕೇಳಿಯೇಬಿಟ್ಟೆ. ಭಾವ ಕ್ಯಾಸೆಟ್ ನಿಲ್ಲಿಸಿದರು. ಅವರು ಕ್ಯಾಸೆಟ್ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬಾಯಿಪಾಠ ಮಾಡಿದ್ದರಲ್ಲಿ ತಪ್ಪಿದ್ರೆ ಅದು ಮರೆವು. ತೊಂದರೆ ಇಲ್ಲ. ಆಶುವಾಗಿ ಬರುವಾಗ ತಪ್ಪಿದ್ರೆ ಅದು ಮರೆವಲ್ಲ. ಹೊಟ್ಟೆಯೊಳಗೆ ಇದ್ದದ್ದು ಹೊರಗೆ ಬಂತು ಅಂತ ಲೆಕ್ಕ," ಎಂದರು.

"ಮ್ಯಾಂಡೊಲಿನ್ನಲ್ಲಿ ಹೊಟ್ಟೆಯೊಳಗಿಂದ ಏನ್ ಭಾವ ಬರುತ್ತೆ?"

"ಆಫೀಸಲ್ಲಿ, ಮನೆಯಲ್ಲಿ ಎಂತದ್ದೂ ಬರುದಿಲ್ಲ. ಹೀಗೆ ಸುತ್ತ ಕೂತು, ಪದ ಆಗಿ, ನನ್ನ ಸರದಿ ಅಂತ ಎಲ್ಲರೂ ನೋಡಿದ್ರು ಅಂದ್ರೆ… ಬೇಡ ಮಾರಾಯ್ತಿ. ನಾನು ಚಕ್ ಚಕ್ ಮಾಡಿಕೊಂಡು ಇರ್ತೇನೆ."

ನಾನು ಅಷ್ಟಕ್ಕೆ ಬಿಡುವವಳೇ? ಮಾರನೆಯ ಬೆಳಿಗ್ಗೆ ಅಕ್ಕ ಸೊಪ್ಪು ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕೂತು ನಾನೂ ಒಂದು ಕಟ್ಟು ಎಳೆದುಕೊಂಡೆ.

"ಅವ್ರಣ್ಣನ ವಿಷ್ಯ ಕಣೇ ಅದು," ಎಂದಳು ಅಕ್ಕ. "ನಿಂಗೆ ಹೇಳಿಲ್ಲ ನಾನು."

ಭಾವನ ಅಣ್ಣ ಆ ಸೀಮೆಗೆಲ್ಲ ಹೆಸರಾದ ಅರ್ಥಧಾರಿ. ಮಾತಿನಲ್ಲಿ ಅವರನ್ನು ಕಟ್ಟಿಹಾಕಿದವರಿಲ್ಲ. ತಮ್ಮನಿಗೆ ಮದ್ದಳೆ ಹೇಳಿಕೊಟ್ಟವರು, ಮಾತು ಹೇಳಿಕೊಟ್ಟವರು, ಎದುರಿಗೆ ಕೂರಿಸಿಕೊಂಡು ಬೆಳೆಸಿದವರು ಅವರೇ. ಭಾವ ಅಮೆರಿಕಕ್ಕೆ ಹೊರಡುವ ಮೊದಲು, ಒಂದು ಭಾನುವಾರ ಮಧ್ಯಾಹ್ನ, ದೇವಸ್ಥಾನದ ಸಭಾಭವನದಲ್ಲಿ ತಾಳಮದ್ದಳೆ. ಅಣ್ಣತಮ್ಮಂದಿರು ಜಗಳವಾಡುವ ಪ್ರಸಂಗ. ಅಣ್ಣನ ಪಾತ್ರಕ್ಕೆ ಅಣ್ಣ, ತಮ್ಮನ ಪಾತ್ರಕ್ಕೆ ತಮ್ಮ. ವಾದ ಏರಿತು. ಅಣ್ಣ ಒಂದಂದರೆ ತಮ್ಮ ಎರಡು. ಜನ ಚಪ್ಪಾಳೆ ಹೊಡೆದರು. ಆ ಅಮಲಿನಲ್ಲಿ ಭಾವ, ಪ್ರಸಂಗದಲ್ಲಿ ಎಲ್ಲೂ ಇಲ್ಲದ ಮಾತೊಂದನ್ನು ಕೇಳಿಬಿಟ್ಟರು: "ಅಪ್ಪ ಸಾಯುವಾಗ ನೀನೆಲ್ಲಿದ್ದೆ?"

ಅವರ ಅಪ್ಪ ತೀರಿಕೊಂಡು ಆಗ ಎರಡು ತಿಂಗಳು. ಅಣ್ಣ ಅವತ್ತು ಬೇರೆ ಊರಿನ ಕೂಟದಲ್ಲಿ ಅರ್ಥ ಹೇಳುತ್ತಿದ್ದರು ಎಂದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತು. ಅಷ್ಟು ದೊಡ್ಡ ಮಾತುಗಾರರ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಶಾಲು ಮಡಚಿಟ್ಟು, ಪ್ರಸಂಗದ ಮಧ್ಯೆಯೇ ಎದ್ದು ಹೋದರು.

"ಆಮೇಲೆ?"

"ಆಮೇಲೇನು, ಮಾತಿಲ್ಲ. ಒಂಬತ್ತು ವರ್ಷ ಆಯ್ತು. ಅದು ಪಾತ್ರ ಹೇಳಿದ್ದು, ನಾನ್ ಹೇಳಿದ್ದಲ್ಲ ಅಂತ ಇವ್ರು ಆವಾಗಾವಾಗ ನನ್ಹತ್ರ ಹೇಳ್ತಾರೆ. ಹೇಳ್ಬೇಕಾಗಿರೋದು ನನಗಾ?" ಎಂದು ಅಕ್ಕ ಸೊಪ್ಪಿನ ದಂಟನ್ನು ಬುಟ್ಟಿಗೂ ಎಲೆಯನ್ನು ಕಸಕ್ಕೂ ಹಾಕಿದಳು.

ಭಾವ ಶನಿವಾರ ಶನಿವಾರ ಹುಡುಕಿಕೊಂಡು ಹೋಗುತ್ತಿದ್ದದ್ದು ಏನನ್ನು ಎಂದು ನನಗೆ ಆಗ ಹೊಳೆಯಿತು. ಸಭೆಯ ನಡುವೆ ತಪ್ಪಿದವರು ಎದ್ದು ಹೋಗದೆ, ಪಕ್ಕದವರು ಮುಖ ತಿರುಗಿಸದೆ, ಹಾಡು ಮತ್ತೆ ಹೇಗೆ ದಾರಿಗೆ ಬರುತ್ತದೆ ಎಂದು ಅವರಿಗೆ ನೋಡಬೇಕಿತ್ತು. ಅಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಆ ನಾಚಿಕೆ ಮುಂದಿನ ಶನಿವಾರದವರೆಗೆ ಬಾಳಿತು ಎಂದು ಮಾತ್ರ ಹೇಳಲಾರೆ.

ಮರುವರ್ಷದ ಬೇಸಗೆಯಲ್ಲಿ ಎರಡು ಸಂಗತಿಗಳಾದವು. ಭಾವನ ಕಂಪನಿ ಅಂಗಡಿ ಮುಚ್ಚಿತು. ಪಿಂಗ್‌ಪಾಂಗ್ ಟೇಬಲ್ಲನ್ನು ಯಾರೋ ವ್ಯಾನಿನಲ್ಲಿ ಹೇರಿಕೊಂಡು ಹೋದರು. ಅದೇ ತಿಂಗಳು ಪ್ಲಂಬರನ ಗುಂಪಿಗೆ ಮೊದಲ ಸಲ ಸಾರ್ವಜನಿಕವಾಗಿ ನುಡಿಸುವ ಅವಕಾಶ ಬಂತು. ಪಾರ್ಕಿನಲ್ಲಿ ರೈತರ ಸಂತೆ ನಡೆಯುವಾಗ, ಬೆಳಿಗ್ಗೆ ಒಂದು ಗಂಟೆಯ ಹೊತ್ತು. ಹೇಗೂ ಆಫೀಸಿಲ್ಲವಲ್ಲ, ಭಾವ ಗ್ಯಾರೇಜಿನಲ್ಲಿ ಹಗಲೆಲ್ಲ ಅಭ್ಯಾಸ ಮಾಡಿದರು, ಬರೀ ಚಕ್ ಚಕ್ಕನ್ನು! ಸಂತೆಗೆ ಹೊರಡುವಾಗ, "ಭಾವ, ಇವತ್ತಾದ್ರೂ ನಿಮ್ಮ ಸರದಿ ತಗೊಳ್ಳಿ," ಎಂದೆ.

"ಅಷ್ಟು ಜನರ ಎದುರಿಗಾ? ಪಾಸ್," ಎಂದು ಸೀಟ್‌ಬೆಲ್ಟ್ ಹಾಕಿಕೊಂಡರು.

ಟೊಮೇಟೊ, ಸ್ಟ್ರಾಬೆರಿಗಳ ನಡುವೆ ಒಂದು ಮರದ ಕಟ್ಟೆ. ಅದರ ಮೇಲೆ ಒಂದೇ ಒಂದು ಮೈಕು. ಸರದಿ ಬಂದವರು ಮುಂದೆ ಬಂದು ನುಡಿಸಿ ಹಿಂದೆ ಸರಿಯಬೇಕು. ಒಬ್ಬರನ್ನೊಬ್ಬರು ಗುದ್ದದೆ ಹಾಗೆ ಓಡಾಡುವುದೇ ಒಂದು ಕಸರತ್ತು. ಮೂರು ಹಾಡುಗಳು ಚೆನ್ನಾಗಿಯೇ ಆದವು. ಭಾವ ಮೂರಕ್ಕೂ ಪಾಸ್. ನಾಲ್ಕನೆಯದು ಪ್ಲಂಬರ್ ತಾನೇ ಕಟ್ಟಿದ ಹೊಸ ಹಾಡು. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು, ನಡುವೆ ಒಂದು ಹೊಳೆ, ಇಬ್ಬರಿಗೂ ದೋಣಿ ಉಂಟು, ಯಾರೂ ಹತ್ತುವುದಿಲ್ಲ. ಅವನು ಯಾಕೆ ಅದನ್ನೇ ಕಟ್ಟಿದನೋ, ಯಾರನ್ನು ನೆನೆದು ಕಟ್ಟಿದನೋ, ನನಗೆ ಗೊತ್ತಿಲ್ಲ. ನಮ್ಮ ಮನೆಯ ಕತೆ ಅವನಿಗೆ ಯಾರೂ ಹೇಳಿರಲಿಲ್ಲ.

ಎರಡನೆಯ ಚರಣ ಮುಗಿಯಿತು. ಟಪ್! ಪ್ಲಂಬರನ ಗಿಟಾರಿನ ತಂತಿ ಕಿತ್ತು ಅವನ ಮೀಸೆಗೇ ಬಡಿಯಿತು. ಅವನು ಹೊಸ ತಂತಿ ಹುಡುಕಲು ಹಿಂದೆ ಓಡುತ್ತ, ಭಾವನ ಕಡೆ ನೋಡಿ ಗೋಣು ಹಾಕಿದ. ಭಾವ ತಲೆ ಅಡ್ಡಡ್ಡ ಆಡಿಸಿದರು. ಆದರೆ ಅದನ್ನು ನೋಡಲು ಪ್ಲಂಬರ್ ಅಲ್ಲಿದ್ದರೆ ತಾನೆ! ಅವನು ಪೆಟ್ಟಿಗೆಯೊಳಗೆ ತಲೆ ಹಾಕಿಯಾಗಿತ್ತು. ಉಳಿದವರು ಹದವಾಗಿ ಹಿಮ್ಮೇಳ ನುಡಿಸುತ್ತ ಭಾವನನ್ನೇ ನೋಡಿದರು. ಸಂತೆಯೂ ನೋಡಿತು. ಮೈಕು ಖಾಲಿ. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು.

ಭಾವ ಮುಂದೆ ಬಂದರು. ಮ್ಯಾಂಡೊಲಿನ್ನನ್ನು ಬೆನ್ನಿಗೆ ಸರಿಸಿದರು. ಪದ ಆಯಿತು, ಸರದಿ ಬಂತು, ಎಲ್ಲರೂ ನೋಡುತ್ತಿದ್ದಾರೆ. ಅವರ ಮೈಗೆ ಗೊತ್ತಿದ್ದದ್ದು ಒಂದೇ ದಾರಿ. ಹೆಗಲ ಮೇಲೆ ಇಲ್ಲದ ಶಾಲನ್ನು ಸರಿಮಾಡಿಕೊಂಡು, ಕ್ಯಾಲಿಫೋರ್ನಿಯಾದ ಆ ಸಂತೆಯಲ್ಲಿ, ಶುದ್ಧ ಕನ್ನಡದಲ್ಲಿ ಅರ್ಥ ಹೇಳಲು ಶುರುಮಾಡಿದರು!

"ಅಣ್ಣಾ! ಈ ಹೊಳೆ ದೇವರು ಹರಿಸಿದ್ದಲ್ಲ. ಇದನ್ನು ತೋಡಿದವನು ನಾನು. ಗುದ್ದಲಿಯಿಂದಲ್ಲ, ಮಾತಿನಿಂದ ತೋಡಿದೆ. ತುಂಬಿದ ಸಭೆಯಲ್ಲಿ ನಿನಗೊಂದು ಪ್ರಶ್ನೆ ಹಾಕಿದೆ. ಪಾತ್ರ ಕೇಳಿತು ಎಂದು ಇಷ್ಟು ಕಾಲ ಸಾಧಿಸಿದೆ. ಸುಳ್ಳು! ಕೇಳಿದವನು ನಾನೇ."

ಹಿಮ್ಮೇಳದವರಿಗೆ ಒಂದಕ್ಷರ ತಿಳಿಯದಿದ್ದರೂ ನಿಲ್ಲಿಸಲಿಲ್ಲ. ಆ ದನಿ ಏರಿದರೆ ಏರಿದರು, ಇಳಿದರೆ ಇಳಿದರು.

"ಅಪ್ಪನ ತಲೆದೆಸೆಯಲ್ಲಿ ನಾನಿದ್ದೆ, ನೀನಿರಲಿಲ್ಲ. ಅದು ಲೋಕಕ್ಕೆ ಗೊತ್ತು. ಲೋಕಕ್ಕೆ ಗೊತ್ತಿಲ್ಲದ್ದು ಒಂದುಂಟು. ಮೂರು ದಿನ ಪಕ್ಕದಲ್ಲೇ ಕೂತವನ ಹೆಸರನ್ನು ಅಪ್ಪ ಒಮ್ಮೆಯೂ ಹೇಳಲಿಲ್ಲ. ದೊಡ್ಡವ ಬಂದನೋ, ದೊಡ್ಡವ ಬಂದನೋ ಎಂದು ಕೇಳುತ್ತಲೇ ಹೋದರು. ಆ ಹೊಟ್ಟೆಕಿಚ್ಚನ್ನು ನಾನು ನ್ಯಾಯದ ಮಾತು ಮಾಡಿ ನಿನ್ನ ಮೇಲೆ ಎಸೆದೆ. ಅಣ್ಣಾ, ತಪ್ಪಿದೆ."

ಅಕ್ಕ ನನ್ನ ಮಣಿಕಟ್ಟು ಬಿಟ್ಟು ಕಟ್ಟೆಯ ಕಡೆಗೆ ಒಂದು ಹೆಜ್ಜೆ ಇಟ್ಟಳು. ಭಾವನ ಅಪ್ಪ ಹಾಗೆ ಕೇಳುತ್ತ ಹೋದದ್ದು ಅವಳಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದವಳಿಗೆ!

ಭಾವ ನಿಲ್ಲಿಸುವ ಲಕ್ಷಣ ಕಾಣಲಿಲ್ಲ. ಹದಿನಾರು ತಾಳ ಹೋಗಿ ಹತ್ತು ಹದಿನಾರುಗಳಾದವು. ಪ್ಲಂಬರ್ ತಂತಿ ಕಟ್ಟಿ, ಶ್ರುತಿ ಮಾಡಿ, ಬಂದು ನಿಂತು ಬಾಯಿ ತೆರೆದುಕೊಂಡು ನೋಡುತ್ತಿದ್ದ. ಕೊನೆಗೆ ಬ್ಯಾಂಜೊ ಹೆಂಗಸು ಕಾಲೆತ್ತಿದಳು. ಭಾವ ನೋಡಲಿಲ್ಲ. ಆಕೆ ಇಳಿಸಲಿಲ್ಲ. ಆ ಸುತ್ತೂ ಹೋಯಿತು, ಮುಂದಿನದೂ ಹೋಯಿತು. ಒಂಟಿಕಾಲಿನಲ್ಲಿ ಬ್ಯಾಂಜೊ ನುಡಿಸುವ ಕಷ್ಟ ನೋಡಲಾರದೆ ಪಿಟೀಲಿನವನು ತನ್ನ ಭುಜ ಕೊಟ್ಟ! ಅಂತೂ ಭಾವ ಮಾತು ನಿಲ್ಲಿಸಿ, ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ ಸ್ವಲ್ಪ ಹೊತ್ತು ನೋಡಿದರು. ಅಲ್ಲಿ ಟೊಮೇಟೊ ಅಂಗಡಿ ಇತ್ತು. ಕೈಮುಗಿದು ಹಿಂದೆ ಸರಿದರು.

ಚಪ್ಪಾಳೆಯೋ ಚಪ್ಪಾಳೆ. ಸ್ಟ್ರಾಬೆರಿ ಬುಟ್ಟಿ ಹಿಡಿದ ಅಜ್ಜಿಯೊಬ್ಬಳು ಅಕ್ಕನ ಹತ್ತಿರ ಬಂದು, ಇದು ಯಾವ ದೇಶದ ಬ್ಲೂಗ್ರಾಸ್ ಎಂದು ಕೇಳಿದಳು. ಅಕ್ಕ ಮೂಗು ಒರೆಸಿಕೊಳ್ಳುತ್ತ "ಉಡುಪಿ" ಎಂದಳು. ಪ್ಲಂಬರ್ ಭಾವನನ್ನು ತಬ್ಬಿಕೊಂಡು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು: "ಅಂತೂ ನಿನ್ನ ಸರದಿ ತಗೊಂಡೆ! ಬಹಳ ಚೆನ್ನಾಗಿತ್ತು. ಮ್ಯಾಂಡೊಲಿನ್ ಒಂದು ಇರಲಿಲ್ಲ, ಅಷ್ಟೆ."

ಮನೆಗೆ ಬಂದ ಭಾವ, ಟೇಪ್ ರೆಕಾರ್ಡರು ಸಂತೆಯಲ್ಲೂ ತಪ್ಪದೆ ತುಂಬಿಕೊಂಡಿದ್ದ ಅವತ್ತಿನ ಕ್ಯಾಸೆಟ್ಟನ್ನು, ಮೇಲೆ ಏನೂ ಬರೆಯದೆ, ಕಪಾಟಿನ ಹಿಂದೆ ತಳ್ಳಿದರು. ಮೂರನೆಯ ದಿನ ಅದು ಅಲ್ಲಿರಲಿಲ್ಲ. ಅಕ್ಕ ಅದನ್ನು ಭಾವನ ಅಣ್ಣನಿಗೆ ಅಂಚೆಗೆ ಹಾಕಿದಾಗ ಲಕೋಟೆಯ ಬಾಯಿಗೆ ಟೇಪು ಅಂಟಿಸಿದವಳು ನಾನೇ.

"ಭಾವನಿಗೆ ಹೇಳೋದು ಬೇಡ್ವಾ?" ಎಂದೆ.

"ಬೇಡ. ತಾಳಮದ್ದಳೆ ಅಂದ್ಮೇಲೆ ಎದುರಿಗಿರೋರು ಉತ್ತರ ಕೊಡ್ಲೇಬೇಕು ತಾನೇ? ನೋಡಾಣ," ಎಂದಳು ಅಕ್ಕ.

ಒಂದು ತಿಂಗಳಾಯಿತು, ಎರಡಾಯಿತು. ಫೋನಿಲ್ಲ, ಕಾಗದವಿಲ್ಲ. ತಪ್ಪು ಮಾಡಿದೆವೇನೋ ಎಂದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದನ್ನೇ ಬಿಟ್ಟೆವು. ಒಂದು ಶನಿವಾರ ಬೆಳಿಗ್ಗೆ ತಿಂಡಿಗೆ ಕೂರುವ ಹೊತ್ತಿಗೆ ಅಂಚೆಯವನು ದಾರ ಸುತ್ತಿದ ಪೊಟ್ಟಣವೊಂದನ್ನು ಕೊಟ್ಟುಹೋದ. ಒಳಗೆ ಒಂದು ಕ್ಯಾಸೆಟ್. ವಿಳಾಸದ ಅಕ್ಷರ ನೋಡಿದ್ದೇ ಭಾವನ ಮುಖ ಬಿಳುಪೇರಿತು. ಅಕ್ಕ ಎಲ್ಲವನ್ನೂ ಒಪ್ಪಿಕೊಂಡಳು. ನನ್ನ ಪಾಲನ್ನೂ ಸೇರಿಸಿಯೇ ಒಪ್ಪಿಕೊಂಡಳು. ಭಾವ ಬಯ್ಯಲಿಲ್ಲ. ಟೇಪ್ ರೆಕಾರ್ಡರನ್ನು ಅಡುಗೆಮನೆಯ ಮೇಜಿನ ಮೇಲೆ, ಉಪ್ಪಿಟ್ಟಿನ ತಟ್ಟೆಯ ಪಕ್ಕ ಇಟ್ಟು ಗುಂಡಿ ಒತ್ತಿದರು.

ಮೊದಲು ಚಕ್ರತಾಳದ ಸದ್ದು. ಆಮೇಲೆ ಮದ್ದಳೆ. ಭಾವನ ಅಣ್ಣ ಉತ್ತರ ಕೊಡಲು ಇಡೀ ಮೇಳವನ್ನೇ ಮನೆಗೆ ಕರೆಸಿದ್ದರು! ಭಾಗವತರು ಪದ್ಯವೊಂದನ್ನು ಹಾಡಿದರು. ತಮ್ಮನ ಮಾತಿಗೆ ಅಣ್ಣ ಉತ್ತರಿಸುವ ಪದ್ಯ. ಮುಗಿಯಿತು. ಈಗ ಅಣ್ಣನ ಸರದಿ.

ಮಾತಿಲ್ಲ.

ಭಾಗವತರು ಸ್ವಲ್ಪ ಕಾದು, ತಾವೇ ಮರೆತವರಂತೆ, ಅದೇ ಪದ್ಯವನ್ನು ಮೊದಲಿನಿಂದ ಹಾಡಿದರು. ಮದ್ದಳೆ ಮೆಲ್ಲಗೆ ನುಡಿಯುತ್ತ ಕಾಯಿತು. ಮಾತಿಲ್ಲ. ಯಾರೋ ಕೆಮ್ಮಿದರು. ಮತ್ಯಾರೋ ದೂರದಿಂದ "ಹೇಳಿ, ಹೇಳಿ" ಎಂದರು. ಮೂರನೆಯ ಸಲವೂ ಪದ್ಯ ಆಯಿತು. ಮಾತಿನಲ್ಲಿ ಯಾರೂ ಕಟ್ಟಿಹಾಕಲಾರದ ಆ ಮನುಷ್ಯ ಗಂಟಲು ಸರಿಮಾಡಿಕೊಂಡರು. ತಾಳಮದ್ದಳೆಯಲ್ಲಿ ಪುರಾಣದ ಪಾತ್ರ ಎಂದೂ ಮನೆಮಾತಿಗೆ ಇಳಿಯಬಾರದು, ಅದು ಕಟ್ಟುನಿಟ್ಟು. ಅವರು ಕೇಳಿದ್ದು ಅಣ್ಣತಮ್ಮಂದಿರ ಮನೆಮಾತಾದ ತುಳುವಿನಲ್ಲಿ, ಊಟ ಆಯಿತಾ ಎಂದು.

"ಒಣಸ್ ಆಂಡಾ?"

ಅಷ್ಟೇ. ಆಮೇಲೆ ಮದ್ದಳೆಯೂ ನಿಂತಿತು. ಬರೀ ಟೇಪು ತಿರುಗುವ ಸರಸರ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಅಳು ತಡೆಯಲಾಗಲಿಲ್ಲ. ಭಾವ ಟೇಪನ್ನು ನಿಲ್ಲಿಸಲಿಲ್ಲ. ಅಣ್ಣ ಇನ್ನೂ ಕಾಯುತ್ತಿದ್ದಾರೆ ಎಂಬಂತೆ ಅದರ ಹತ್ತಿರ ಬಗ್ಗಿ, ಆಯಿತು ಎಂದು ಮೆಲ್ಲಗೆ ಹೇಳಿದರು: "ಆಂಡ್ ಅಣ್ಣಾ, ಆಂಡ್."

ಮುಂದಿದ್ದ ತಟ್ಟೆಯನ್ನು ಅವರು ಮುಟ್ಟಿಯೇ ಇರಲಿಲ್ಲ.